ಮೇಲ್ ಸರ್ವರ್ ಕ್ಲಸ್ಟರ್‌ಗಳ ಬ್ಯಾಕಪ್: ಮಂಗಳೂರಿನ ಸಂದರ್ಭ

ಒಂದು ಸಂಸ್ಥೆಯ ಇಮೇಲ್ ಕೆಲಸವನ್ನು ಎರಡೋ ಹೆಚ್ಚೋ ಸರ್ವರ್‌ಗಳು ಒಂದೇ ಹೆಸರಿನಡಿ ಕೂಡಿ ನಡೆಸಿದರೆ ಅದು ಮೇಲ್ ಸರ್ವರ್ ಕ್ಲಸ್ಟರ್. ಒಳಗಿನ ಒಂದೊಂದು ಯಂತ್ರಕ್ಕೂ ನೋಡ್ ಎಂದು ಹೆಸರು. ಒಂದು ನೋಡ್ ಕೆಟ್ಟರೆ ಇನ್ನೊಂದು ಕೆಲವು ಕ್ಷಣಗಳಲ್ಲೇ ಅದರ ಜಾಗಕ್ಕೆ ಬರುತ್ತದೆ. ಈ ಕೈಬದಲಾವಣೆಯೇ ಫೇಲ್‌ಓವರ್. ಇಂಥ ಕ್ಲಸ್ಟರಿನಲ್ಲಿರುವ ಪತ್ರಗಳನ್ನು, ಅವುಗಳ ಜೊತೆಗಿರುವ ವಿಳಾಸ ಪಟ್ಟಿ, ಬಳಕೆದಾರರ ಖಾತೆ, ಸೆಟ್ಟಿಂಗ್‌ಗಳನ್ನು ಬೇರೆ ಜಾಗದಲ್ಲಿ, ನಿನ್ನೆಯದು, ಹೋದ ವಾರದ್ದು, ಹೋದ ತಿಂಗಳದ್ದು ಎಂದು ಕಾಲವಾರು ತೆಗೆದಿಡುವುದು ಬ್ಯಾಕಪ್. ಒಂಟಿ ಸರ್ವರಿನ ಬ್ಯಾಕಪ್‌ಗೆ ಬಳಸುವ ತಂತ್ರಾಂಶವನ್ನೇ ಇಲ್ಲಿಯೂ ಬಳಸಬಹುದು. ಆದರೆ ಸಜ್ಜುಗೊಳಿಸುವ ಕ್ರಮ ಬೇರೆ. ಅದು ತಿಳಿಯದೆ ಅಳವಡಿಸಿದ ಬ್ಯಾಕಪ್ ಹಲವು ತಿಂಗಳು ‘ಯಶಸ್ವಿ’ ಎಂದು ವರದಿ ಕೊಡುತ್ತಲೇ ಇರುತ್ತದೆ. ಬೇಕಾದ ದಿನ ತೆರೆದು ನೋಡಿದರೆ ಒಳಗೆ ಪತ್ರಗಳಿರುವುದಿಲ್ಲ.

ಮಂಗಳೂರಿಗೆ ಈ ವಿಷಯ ಹೊರಗಿನದಲ್ಲ. ಬೇರೆಯವರ ಹಣದ ಲೆಕ್ಕವನ್ನು ಜೋಪಾನವಾಗಿ ಇಡುವುದು ಈ ಕರಾವಳಿಯ ಹಳೆಯ ಕಸುಬು. ಕೆನರಾ ಬ್ಯಾಂಕ್ 1906ರಲ್ಲಿ ಇಲ್ಲಿ ಹುಟ್ಟಿತು. ಅದೇ ವರ್ಷ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್ ಮುಂದೆ ಮಂಗಳೂರನ್ನು ಕೇಂದ್ರವಾಗಿಸಿಕೊಂಡಿತು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಬಂದವು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿಯೂ ಕಾರ್ಪೊರೇಷನ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದವು. ಬ್ಯಾಂಕೊಂದು ವಿಲೀನವಾದಾಗ ಫಲಕ ಬದಲಾಗುತ್ತದೆ, ಆದರೆ ಹಳೆಯ ವಿಳಾಸದಲ್ಲಿ ನಡೆದ ಪತ್ರವ್ಯವಹಾರ ಬೇಡವಾಗುವುದಿಲ್ಲ. ಸಾಲದ ತಕರಾರು ಹತ್ತು ವರ್ಷದ ನಂತರವೂ ಏಳಬಹುದು. ಬ್ಯಾಂಕುಗಳಾಚೆಗೆ ಪಣಂಬೂರಿನ ನವಮಂಗಳೂರು ಬಂದರು, ತೈಲ ಶುದ್ಧೀಕರಣ ಘಟಕ ಎಂಆರ್‌ಪಿಎಲ್, ಸುರತ್ಕಲ್‌ನ ಎನ್‌ಐಟಿಕೆ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ, ವೈದ್ಯಕೀಯ ಕಾಲೇಜುಗಳು, ಕೊಟ್ಟಾರ ಮತ್ತು ಮುಡಿಪುವಿನ ಇನ್ಫೋಸಿಸ್ ಆವರಣಗಳು ಸೇರಿದರೆ, ಇಮೇಲ್ ನಿಂತರೆ ಕೆಲಸವೂ ನಿಲ್ಲುವ ಸಂಸ್ಥೆಗಳ ಸಾಲೇ ಇಲ್ಲಿದೆ.

ಹೆಸರು ಯಾರದು, ಯಂತ್ರ ಯಾವುದು

ಹೊರಗಿನವರು ಪತ್ರ ಕಳುಹಿಸುವುದು ಕ್ಲಸ್ಟರಿನ ಹೆಸರಿಗೆ, ಒಳಗಿನ ಯಂತ್ರಕ್ಕಲ್ಲ. ತುಳುನಾಡಿನ ಹಳೆಯ ಮನೆತನದ ಗುತ್ತಿನ ಮನೆಗೆ ಬರೆದ ಕಾಗದ ಗಡಿ, ಅಂದರೆ ಮನೆಯ ಯಜಮಾನಿಕೆ, ಹಿಡಿದವರು ಯಾರೇ ಇರಲಿ ಅವರ ಕೈಗೆ ಸೇರುತ್ತಿತ್ತು. ಗಡಿ ಬದಲಾದರೂ ಮನೆಯ ಹೆಸರು ಬದಲಾಗುತ್ತಿರಲಿಲ್ಲ. ಕ್ಲಸ್ಟರಿನ ಬ್ಯಾಕಪ್ಪನ್ನು ಅರ್ಥಮಾಡಿಕೊಳ್ಳಲು ಇಷ್ಟು ಹಿಡಿದುಕೊಂಡರೆ ಸಾಕು. ಬ್ಯಾಕಪ್ ತಂತ್ರಾಂಶ ಇವತ್ತು ಗಡಿ ಹಿಡಿದ ಯಂತ್ರದ ಹೆಸರನ್ನು ನೆಚ್ಚಿಕೊಂಡರೆ ನಾಳೆಯ ಫೇಲ್‌ಓವರಿನ ನಂತರ ಖಾಲಿ ಮನೆಯ ಬಾಗಿಲು ತಟ್ಟುತ್ತದೆ.

ಹಳೆಯ ಬಗೆಯ ಕ್ಲಸ್ಟರಿನಲ್ಲಿ ಎರಡು ಯಂತ್ರಗಳಿಗೆ ಒಂದೇ ಡಿಸ್ಕ್ ಸಮೂಹ. ಒಂದು ಕಾಲಕ್ಕೆ ಒಂದು ಯಂತ್ರ ಮಾತ್ರ ಅದನ್ನು ಹಿಡಿದಿರುತ್ತದೆ. ಇಲ್ಲಿ ಬ್ಯಾಕಪ್ ಏಜೆಂಟನ್ನು, ಅಂದರೆ ಕಡತಗಳನ್ನು ಓದಿ ಬ್ಯಾಕಪ್ ಸರ್ವರಿಗೆ ಕಳುಹಿಸುವ ತಂತ್ರಾಂಶವನ್ನು, ಎರಡೂ ಯಂತ್ರಗಳಲ್ಲಿ ಅಳವಡಿಸಬೇಕು. ಆದರೆ ಬ್ಯಾಕಪ್ ಸರ್ವರಿನಲ್ಲಿ ಮೂರು ಹೆಸರುಗಳನ್ನು ನೋಂದಾಯಿಸಬೇಕು: ಎರಡು ಯಂತ್ರಗಳ ಸ್ವಂತ ಹೆಸರು ಅವುಗಳ ಆಪರೇಟಿಂಗ್ ಸಿಸ್ಟಮ್ ಡಿಸ್ಕಿಗಾಗಿ, ಮೂರನೆಯದು ಕ್ಲಸ್ಟರಿನ ಹೆಸರು, ಪತ್ರಗಳಿರುವ ಹಂಚಿಕೆಯ ಡಿಸ್ಕಿಗಾಗಿ. ಮೂರನೆಯದರ ಸೆಟ್ಟಿಂಗ್ ಕಡತ ಹಂಚಿಕೆಯ ಡಿಸ್ಕಿನಲ್ಲೇ ಇರಬೇಕು. ಅದರ ವೇಳಾಪಟ್ಟಿ ಸೇವೆ ಡಿಸ್ಕಿನ ಜೊತೆಗೇ ಅತ್ತಿಂದಿತ್ತ ಹೋಗುವಂತೆ ಕ್ಲಸ್ಟರಿನ ಸಂಪನ್ಮೂಲಗಳಲ್ಲಿ ಸೇರಬೇಕು. ಟಿವೋಲಿ ಎಂದೇ ಹಳಬರು ಕರೆಯುವ ಐಬಿಎಂ ತಂತ್ರಾಂಶದಲ್ಲಿ ವಿಂಡೋಸ್ ಕ್ಲಸ್ಟರಿಗೆಂದು ‘ಕ್ಲಸ್ಟರ್‌ನೋಡ್ ಯೆಸ್’ ಎಂಬ ಒಂದು ಸಾಲು ಬರೆಯಬೇಕಿತ್ತು. ಅದು ಬಿಟ್ಟುಹೋದರೆ ಹಂಚಿಕೆಯ ಡಿಸ್ಕನ್ನೂ ಯಂತ್ರದ ಹೆಸರಿನಲ್ಲೇ ದಾಖಲಿಸುತ್ತಿತ್ತು. ಆಗ ಫೇಲ್‌ಓವರ್ ಆದ ರಾತ್ರಿ ಪೂರ್ತಿ ಬ್ಯಾಕಪ್ ಮತ್ತೆ ಮೊದಲಿನಿಂದ ಶುರು. ಚರಿತ್ರೆ ಎರಡು ಹೆಸರಿನಲ್ಲಿ ಹರಿದು ಹಂಚಿಹೋಗಿ, ಮರಳಿ ಪಡೆಯುವಾಗ ಯಾವ ತಾರೀಖಿನದು ಯಾರ ಹೆಸರಿನಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಏಜೆಂಟಿನ ಪಾಸ್‌ವರ್ಡ್ ಎರಡನೆಯ ಯಂತ್ರದಲ್ಲಿ ಇಲ್ಲದಿರುವುದು ಇನ್ನೊಂದು ಸಾಮಾನ್ಯ ತಪ್ಪು: ಕ್ಲಸ್ಟರ್ ಚೆನ್ನಾಗಿಯೇ ಕೈಬದಲಾಗಿರುತ್ತದೆ, ಪತ್ರಗಳು ಓಡಾಡುತ್ತಿರುತ್ತವೆ, ಬ್ಯಾಕಪ್ ಮಾತ್ರ ಬಾಗಿಲಲ್ಲೇ ನಿಂತಿರುತ್ತದೆ. ಆದ್ದರಿಂದ ಅಳವಡಿಕೆ ಮುಗಿಯಿತು ಎನ್ನುವ ಮುನ್ನ ಬೇಕೆಂದೇ ಒಮ್ಮೆ ಫೇಲ್‌ಓವರ್ ಮಾಡಿ, ಆ ರಾತ್ರಿಯ ಬ್ಯಾಕಪ್ ನಡೆಯಿತೇ ಎಂದು ನೋಡಲೇಬೇಕು. ಇದಿಲ್ಲದೆ ಅಳವಡಿಕೆ ಪೂರ್ಣವಾಗಿಲ್ಲ.

ಪ್ರತಿಗಳಿರುವ ಕ್ಲಸ್ಟರ್

ಮೈಕ್ರೋಸಾಫ್ಟ್ ಎಕ್ಸ್‌ಚೇಂಜಿನ 2010ರ ಆವೃತ್ತಿಯಿಂದ ಹಂಚಿಕೆಯ ಡಿಸ್ಕಿನ ಪದ್ಧತಿ ಹೋಗಿ ಡೇಟಾಬೇಸ್ ಅವೈಲಬಿಲಿಟಿ ಗ್ರೂಪ್, ಚಿಕ್ಕದಾಗಿ ಡಿಎಜಿ, ಬಂತು. ಒಂದು ಗುಂಪಿನಲ್ಲಿ 16 ಸರ್ವರ್‌ಗಳವರೆಗೆ ಇರಬಹುದು. ಒಂದೊಂದರಲ್ಲೂ ತನ್ನದೇ ಡಿಸ್ಕ್, ಅದರಲ್ಲಿ ಡೇಟಾಬೇಸಿನ ಪ್ರತಿ. ಐಬಿಎಂನಿಂದ 2019ರಲ್ಲಿ ಎಚ್‌ಸಿಎಲ್‌ಗೆ ಹೋದ ಡೊಮಿನೊ ಮೇಲ್ ತಂತ್ರಾಂಶದಲ್ಲಿ ಒಂದು ಕ್ಲಸ್ಟರಿಗೆ ಆರು ಸರ್ವರ್‌ಗಳ ಮಿತಿ. ಮುಕ್ತ ತಂತ್ರಾಂಶದ ಹಾದಿಯಲ್ಲಿ ಹೋದವರು ಮೇಲ್ ತಂತ್ರಾಂಶಗಳಾದ ಪೋಸ್ಟ್‌ಫಿಕ್ಸ್, ಡವ್‌ಕಾಟ್‌ಗಳನ್ನು ಡಿಸ್ಕಿನ ಪ್ರತಿ ಮಾಡುವ ಡಿಆರ್‌ಬಿಡಿ ಮತ್ತು ಫೇಲ್‌ಓವರ್ ನೋಡಿಕೊಳ್ಳುವ ಪೇಸ್‌ಮೇಕರ್ ಜೊತೆ ಜೋಡಿಸಿ ಇದೇ ಪರಿಣಾಮ ಪಡೆಯುತ್ತಾರೆ.

‘ಮೂರು ಪ್ರತಿ ಇದೆಯಲ್ಲ, ಬ್ಯಾಕಪ್ ಯಾಕೆ’ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಪ್ರತಿಗಳು ಯಂತ್ರದ ಸಾವಿನಿಂದ ಕಾಪಾಡುತ್ತವೆ, ತಪ್ಪಿನಿಂದ ಕಾಪಾಡುವುದಿಲ್ಲ. ಒಂದು ಕಡೆ ಅಳಿಸಿದ ಪತ್ರ ಕೆಲವು ಕ್ಷಣಗಳಲ್ಲಿ ಎಲ್ಲ ಕಡೆಯೂ ಅಳಿಯುತ್ತದೆ. ಎಲ್ಲ ಪ್ರತಿಗಳನ್ನೂ ಒಂದೇ ಥರ ಇಡುವುದೇ ಕ್ಲಸ್ಟರಿನ ಕೆಲಸ. 2011ರ ಫೆಬ್ರವರಿ 27ರಂದು ಜಿಮೇಲ್‌ನ ಒಂದು ತಂತ್ರಾಂಶ ದೋಷದಿಂದ ಶೇ. 0.02ರಷ್ಟು ಬಳಕೆದಾರರ ಮೇಲ್‌ಬಾಕ್ಸ್‌ಗಳು ಖಾಲಿಯಾಗಿ ಕಂಡವು. ಹಲವು ಡೇಟಾ ಸೆಂಟರ್‌ಗಳಲ್ಲಿ ಪ್ರತಿಗಳಿದ್ದರೂ ದೋಷ ಅವನ್ನೂ ಮುಟ್ಟಿತ್ತು. ಕೊನೆಗೆ ಪತ್ರಗಳು ಮರಳಿದ್ದು ಜಾಲದಿಂದ ಬೇರ್ಪಟ್ಟಿದ್ದ ಟೇಪುಗಳಿಂದ. ಗೂಗಲ್‌ನಷ್ಟು ದೊಡ್ಡ ಸಂಸ್ಥೆಗೂ ಅಂದು ದಾರಿ ತೋರಿದ್ದು ಟೇಪು ಎಂಬುದನ್ನು ಮಂಗಳೂರಿನ ಯಾವ ಸಣ್ಣ ಐಟಿ ವಿಭಾಗವೂ ಮರೆಯಬಾರದು. ಎಕ್ಸ್‌ಚೇಂಜಿನಲ್ಲಿ ಒಂದು ಪ್ರತಿಯನ್ನು 14 ದಿನಗಳವರೆಗೆ ಹಿಂದಿಟ್ಟು ನಡೆಸುವ ಸೌಲಭ್ಯವಿದೆ. ಅದು ಒಳ್ಳೆಯದೇ, ಆದರೆ ಅದೂ ಅದೇ ಆಡಳಿತ ಖಾತೆಯ ಕೈಯಲ್ಲಿದೆ. ಆ ಖಾತೆಯೇ ಕಳ್ಳರ ಪಾಲಾದರೆ ಹಿಂದಿಟ್ಟ ಪ್ರತಿಯೂ ಅವರ ಪಾಲು.

ಬ್ಯಾಕಪ್ಪನ್ನು ಯಾವ ಪ್ರತಿಯಿಂದ ತೆಗೆಯಬೇಕು? ಸಾಮಾನ್ಯವಾಗಿ ಸುಮ್ಮನಿರುವ ಪ್ರತಿಯಿಂದ, ಯಾಕೆಂದರೆ ಬಳಕೆದಾರರಿಗೆ ಸೇವೆ ಕೊಡುತ್ತಿರುವ ಡಿಸ್ಕಿಗೆ ಹೊರೆ ಬೀಳುವುದಿಲ್ಲ. ತಂತ್ರಾಂಶದಲ್ಲಿ ‘ಸುಪ್ತ ಪ್ರತಿಗೆ ಆದ್ಯತೆ, ಅದಿಲ್ಲದಿದ್ದರೆ ಸಕ್ರಿಯ ಪ್ರತಿ’ ಎಂದು ಆರಿಸುವುದು ಕ್ಷೇಮ. ಸುಪ್ತದಿಂದ ಮಾತ್ರ ಎಂದು ಬಿಗಿಯಾಗಿ ಹೇಳಿಟ್ಟರೆ, ಆ ನೋಡ್ ರಿಪೇರಿಯಲ್ಲಿರುವ ವಾರವಿಡೀ, ಅಂದರೆ ಬ್ಯಾಕಪ್ ಅತಿ ಹೆಚ್ಚು ಬೇಕಾದ ವಾರದಲ್ಲೇ, ಬ್ಯಾಕಪ್ ಇರುವುದಿಲ್ಲ.

ಡೇಟಾಬೇಸಿಗಿಂತ ಹೆಚ್ಚು ತಲೆನೋವು ಕೊಡುವುದು ಲಾಗ್ ಕಡತಗಳು. ಪ್ರತಿಯೊಂದು ಬದಲಾವಣೆಯನ್ನೂ ಎಕ್ಸ್‌ಚೇಂಜ್ ಮೊದಲು 1 ಎಂಬಿ ಗಾತ್ರದ ಲಾಗ್ ಕಡತಗಳಲ್ಲಿ ಬರೆದು, ಆಮೇಲೆ ಡೇಟಾಬೇಸಿಗೆ ಏರಿಸುತ್ತದೆ. ಬ್ಯಾಕಪ್ ಯಶಸ್ವಿಯಾದ ಮೇಲಷ್ಟೇ ಹಳೆಯ ಲಾಗ್‌ಗಳನ್ನು ಅಳಿಸಲು ಅನುಮತಿ. ಕ್ಲಸ್ಟರಿನಲ್ಲಿ ಇನ್ನೊಂದು ಷರತ್ತು ಸೇರುತ್ತದೆ: ಎಲ್ಲ ಪ್ರತಿಗಳಿಗೂ ಆ ಲಾಗ್ ತಲುಪಿರಬೇಕು. ಮೂರನೆಯ ನೋಡ್ ನಾಲ್ಕು ದಿನದಿಂದ ಮಲಗಿದ್ದರೆ, ಬ್ಯಾಕಪ್ ದಿನವೂ ಯಶಸ್ವಿಯಾದರೂ ಲಾಗ್‌ಗಳು ಅಳಿಯುವುದಿಲ್ಲ. ದಿನಕ್ಕೆ 50 ಜಿಬಿ ಲಾಗ್ ಹುಟ್ಟುವ ಕಡೆ ನಾಲ್ಕು ದಿನಕ್ಕೆ ಸುಮಾರು ಎರಡು ಲಕ್ಷ ಕಡತ. ಡಿಸ್ಕ್ ತುಂಬಿದೊಡನೆ ಡೇಟಾಬೇಸ್ ತಾನಾಗಿ ಸೇವೆ ನಿಲ್ಲಿಸುತ್ತದೆ. ಕಂಗಾಲಾದವರು ಕಡತಗಳನ್ನು ಕೈಯಾರೆ ಅಳಿಸಲು ಹೋಗಿ ಡೇಟಾಬೇಸನ್ನೇ ಕೆಡಿಸಿಕೊಂಡದ್ದುಂಟು. ಮೊದಲು ಮಲಗಿದ ಪ್ರತಿಯನ್ನು ಎಬ್ಬಿಸಬೇಕು, ಇಲ್ಲವೇ ಆ ಪ್ರತಿಯನ್ನು ಗುಂಪಿನಿಂದ ತೆಗೆಯಬೇಕು. ಲಾಗ್‌ಗಳು ಆಮೇಲೆ ತಾವಾಗಿ ಹೋಗುತ್ತವೆ.

ಒಂದೇ ಡೇಟಾಬೇಸಿಗೆ ಎರಡು ಬ್ಯಾಕಪ್ ತಂತ್ರಾಂಶ ಹಚ್ಚಬಾರದೆಂಬ ನಿಯಮಕ್ಕೂ ಲಾಗ್‌ಗಳೇ ಕಾರಣ. ಹಳೆಯ ತಂತ್ರಾಂಶವನ್ನು ನಿಲ್ಲಿಸದೆ ಹೊಸದನ್ನು ಶುರು ಮಾಡುವುದು ಕಚೇರಿಗಳಲ್ಲಿ ನಡೆಯುವ ಸಂಗತಿ. ಮುನ್ನೆಚ್ಚರಿಕೆ ಎಂದೇ ಹಾಗೆ ಮಾಡುತ್ತಾರೆ. ಆದರೆ ಒಂದು ತಂತ್ರಾಂಶ ಅಳಿಸಿದ ಲಾಗ್ ಇನ್ನೊಂದಕ್ಕೆ ಸಿಗದೆ, ಎರಡರ ಸರಪಳಿಯೂ ನಡುವೆ ಕಡಿಯುತ್ತದೆ.

ವರ್ಚುವಲ್ ಯಂತ್ರಗಳಲ್ಲಿ ನಡೆಯುವ ಕ್ಲಸ್ಟರಿಗೆ ಬೇರೊಂದು ಕಾಟವಿದೆ. ಇಡೀ ಯಂತ್ರದ ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಚಿತ್ರ, ತೆಗೆದು ಮುಗಿಸುವಾಗ ಆ ಯಂತ್ರ ಕೆಲವು ಸೆಕೆಂಡು ಉಸಿರು ಹಿಡಿದಂತೆ ನಿಲ್ಲುತ್ತದೆ. ನೋಡ್‌ಗಳು ಪರಸ್ಪರ ಸೆಕೆಂಡಿಗೊಮ್ಮೆ ‘ಇದ್ದೇನೆ’ ಎಂದು ಹೇಳಿಕೊಳ್ಳುತ್ತಿರುತ್ತವೆ. ವಿಂಡೋಸ್ ಸರ್ವರಿನ 2012ರ ಆವೃತ್ತಿಗಳಲ್ಲಿ ಇಂಥ ಐದು ಕರೆ ತಪ್ಪಿದರೆ ಆ ನೋಡ್ ಸತ್ತಿತೆಂದೇ ಲೆಕ್ಕ. 2016ರಲ್ಲಿ ಇದನ್ನು ಹತ್ತಕ್ಕೆ ಏರಿಸಲಾಯಿತು. ರಾತ್ರಿ ಎರಡು ಗಂಟೆಗೆ ದಿನವೂ ಕಾರಣವಿಲ್ಲದೆ ಫೇಲ್‌ಓವರ್ ಆಗುತ್ತಿದೆ ಎಂಬ ದೂರು ಬಂದರೆ ಮೊದಲು ಬ್ಯಾಕಪ್ಪಿನ ವೇಳಾಪಟ್ಟಿ ನೋಡಬೇಕು. ಎಲ್ಲ ನೋಡ್‌ಗಳ ಸ್ನ್ಯಾಪ್‌ಶಾಟನ್ನು ಒಂದೇ ಹೊತ್ತಿಗೆ ಇಡದೆ ಬೇರೆ ಬೇರೆ ಗಂಟೆಗೆ ಹಂಚುವುದು, ಕರೆಗಳ ಮಿತಿಯನ್ನು ತುಸು ಸಡಿಲಿಸುವುದು ಪರಿಹಾರ.

ಲಿನಕ್ಸ್ ಕ್ಲಸ್ಟರಿನಲ್ಲಿ ಮೇಲ್‌ಡಿರ್ ಪದ್ಧತಿ ಇದ್ದರೆ ಒಂದು ಪತ್ರಕ್ಕೆ ಒಂದು ಕಡತ. ನೋಡಲು ಸರಳ. ಆದರೆ ಪತ್ರ ಓದಿದೊಡನೆ ಕಡತದ ಹೆಸರೇ ಬದಲಾಗುತ್ತದೆ. ಬ್ಯಾಕಪ್ ಪಟ್ಟಿ ಮಾಡಿಕೊಂಡು ಬರುವಷ್ಟರಲ್ಲಿ ಆ ಹೆಸರಿನ ಕಡತವೇ ಇಲ್ಲ. ಮೊದಲು ಎಲ್‌ವಿಎಂ ಅಥವಾ ಝಡ್‌ಎಫ್‌ಎಸ್ ಸ್ನ್ಯಾಪ್‌ಶಾಟ್ ತೆಗೆದು, ಆ ನಿಂತ ಚಿತ್ರದಿಂದ ಪ್ರತಿ ಮಾಡಬೇಕು, ಇಲ್ಲವೇ ಡವ್‌ಕಾಟ್‌ನದೇ ಆದ ‘ಡವ್‌ಆಡ್‌ಮ್ ಬ್ಯಾಕಪ್’ ಬಳಸಬೇಕು. ಪತ್ರಗಳ ಜೊತೆಗೆ ಸಂರಚನಾ ಕಡತಗಳು, ಬಳಕೆದಾರರ ಡೇಟಾಬೇಸ್, ಡಿಕಿಮ್ ಸಹಿಯ ಕೀಲಿ, ಪ್ರಮಾಣಪತ್ರಗಳು, ಪತ್ರ ವಿಂಗಡಿಸುವ ಸೀವ್ ನಿಯಮಗಳು ಎಲ್ಲವೂ ಸೇರಬೇಕು. ಎಕ್ಸ್‌ಚೇಂಜಿನಲ್ಲಿ ಈ ಸ್ಥಾನ ಆ್ಯಕ್ಟಿವ್ ಡೈರೆಕ್ಟರಿಯದು. ಸತ್ತ ಸರ್ವರನ್ನು ಮರಳಿ ಕಟ್ಟುವಾಗ ಅದರ ಹೆಚ್ಚಿನ ಸೆಟ್ಟಿಂಗ್‌ಗಳು ಅಲ್ಲಿಂದಲೇ ಬರುತ್ತವೆ. ಅದರ ಬ್ಯಾಕಪ್ ಇಲ್ಲದೆ ಪತ್ರಗಳ ಬ್ಯಾಕಪ್ ಇದ್ದರೆ ಬೀಗವಿದ್ದು ಬೀಗದ ಕೈ ಕಳೆದ ಹಾಗೆ.

ಮಳೆ, ಸಿಡಿಲು, ಘಟ್ಟ

ಮಂಗಳೂರಿನ ಹವೆ ಯಂತ್ರಗಳಿಗೆ ಒಗ್ಗುವುದಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಮಳೆಗಾಲದಲ್ಲಿ ಬಹುಪಾಲು ಶೇ. 80ರ ಮೇಲಿರುವ ತೇವಾಂಶ, ಅದಕ್ಕೆ ಕಡಲ ಉಪ್ಪು. ಎಲ್‌ಟಿಒ ಟೇಪುಗಳನ್ನು ದೀರ್ಘಕಾಲ ಇಡಲು ತಯಾರಕರು ಹೇಳುವ ತೇವಾಂಶ ಶೇ. 20ರಿಂದ 50. ಟೇಪಿನ ಕಪಾಟು ಹವಾನಿಯಂತ್ರಿತ ಕೋಣೆಯಲ್ಲಿರಬೇಕು. ಹೊರಗಿನಿಂದ ತಂದ ಟೇಪನ್ನು ಒಂದು ದಿನ ಅಲ್ಲೇ ಇಟ್ಟು ಆರಿಸಿದ ಮೇಲಷ್ಟೇ ಡ್ರೈವಿಗೆ ಹಾಕಬೇಕು.

ಸರ್ವರ್ ಕೋಣೆಯನ್ನು ನೆಲಮಾಳಿಗೆಯಲ್ಲಿ ಇಡಬಾರದು ಎಂಬುದಕ್ಕೆ 2018ರ ಮೇ 29ಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಅಂದು ಒಂದೇ ದಿನದ ಮಳೆಗೆ ಕೊಟ್ಟಾರ ಚೌಕಿಯಂಥ ತಗ್ಗಿನ ಜಾಗಗಳು ಕೆರೆಯಾದವು. ಕ್ಲಸ್ಟರಿನ ಎರಡೂ ನೋಡ್‌ಗಳು ಒಂದೇ ರ್‍ಯಾಕಿನಲ್ಲಿದ್ದರೆ ನೀರಿಗೆ ಅವು ಎರಡಲ್ಲ, ಒಂದೇ. ಏಪ್ರಿಲ್, ಮೇ ತಿಂಗಳ ಸಂಜೆಯ ಸಿಡಿಲು, ಅದರ ಬೆನ್ನಿಗೆ ಬರುವ ವಿದ್ಯುತ್ ಕಡಿತ ಬೇರೆ. ಮೆಸ್ಕಾಂ ವಿದ್ಯುತ್ ಹೋಗಿ ಯುಪಿಎಸ್ ಬ್ಯಾಟರಿ ಇಳಿಯತೊಡಗಿದಾಗ ಮೊದಲು ಬ್ಯಾಕಪ್ ಕೆಲಸ ನಿಲ್ಲಬೇಕು, ನಂತರ ಸುಪ್ತ ನೋಡ್, ಕೊನೆಗೆ ಸಕ್ರಿಯ ನೋಡ್. ಈ ಸರದಿಯನ್ನು ಮೊದಲೇ ಬರೆದಿಡಬೇಕು. ಮಳೆಗಾಲಕ್ಕೆ ಮುಂಚೆ ಬರುವ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹಾಗೆ, ಕರಾವಳಿಯ ಸರ್ವರ್ ಕೋಣೆಯವರೂ ಆ ದಿನದೊಳಗೆ ಬ್ಯಾಟರಿ, ಅರ್ತಿಂಗ್, ಪೂರ್ಣ ಬ್ಯಾಕಪ್ಪುಗಳ ತಪಾಸಣೆ ಮುಗಿಸಿಕೊಳ್ಳುವುದು ಒಳ್ಳೆಯದು.

ನೋಡ್‌ಗಳನ್ನು ಬೇರೆ ಬೇರೆ ಆವರಣದಲ್ಲಿಟ್ಟರೆ ನೀರಿನ ಭಯ ಕಡಿಮೆ, ಆದರೆ ರಸ್ತೆ ಅಗೆತದ ಭಯ ಹೆಚ್ಚು. ನಡುವಿನ ಫೈಬರ್ ತುಂಡಾದರೆ ಎರಡೂ ನೋಡ್‌ಗಳು ‘ಇನ್ನೊಂದು ಸತ್ತಿತು’ ಎಂದು ತಿಳಿದು ಎರಡೂ ಗಡಿ ಹಿಡಿಯುತ್ತವೆ, ಎರಡು ಕಡೆ ಬೇರೆ ಬೇರೆ ಪತ್ರ ಸೇರಿಕೊಳ್ಳುತ್ತದೆ. ಇದನ್ನು ತಡೆಯಲು ಮೂರನೆಯ ಜಾಗದಲ್ಲಿ ಒಂದು ಸಾಕ್ಷಿ ಸರ್ವರ್ ಬೇಕು. ಬಹುಮತ ಯಾರಿಗಿದೆಯೋ ಅವರೇ ಮುಂದುವರಿಯುತ್ತಾರೆ. ಸಾಕ್ಷಿಯನ್ನು ಇಬ್ಬರಲ್ಲಿ ಒಬ್ಬರ ಮನೆಯಲ್ಲೇ ಕೂರಿಸಿದರೆ ಆ ಸಾಕ್ಷಿಗೆ ಬೆಲೆಯಿಲ್ಲ. ಬ್ಯಾಕಪ್ ಸರ್ವರನ್ನೇ ಸಾಕ್ಷಿಯಾಗಿ ಬಳಸುವ ಉಳಿತಾಯವೂ ಬೇಡ. ಬ್ಯಾಕಪ್ ಸರ್ವರ್ ಕ್ಲಸ್ಟರಿನಿಂದ ದೂರವಿದ್ದಷ್ಟು ಕ್ಷೇಮ.

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ಸೂತ್ರ, ಅಂದರೆ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ, ಇಲ್ಲಿಗೂ ಸಲ್ಲುತ್ತದೆ. ಬೇರೆ ಊರೆಂದರೆ ಮಂಗಳೂರಿನವರಿಗೆ ಬಹುತೇಕ ಬೆಂಗಳೂರು, 350 ಕಿಲೋಮೀಟರ್ ದೂರ, ನಡುವೆ ಶಿರಾಡಿ ಘಟ್ಟ. 500 ಮೇಲ್‌ಬಾಕ್ಸ್, ತಲಾ 10 ಜಿಬಿ ಎಂದಿಟ್ಟುಕೊಳ್ಳಿ, ಒಟ್ಟು 5 ಟಿಬಿ. 100 ಎಂಬಿಪಿಎಸ್ ಲೈನಿನಲ್ಲಿ ಒಂದು ಕ್ಷಣವೂ ನಿಲ್ಲದೆ ಕಳುಹಿಸಿದರೂ 111 ಗಂಟೆ, ನಾಲ್ಕೂವರೆ ದಿನಕ್ಕೂ ಹೆಚ್ಚು. ದಿನದ ಬದಲಾವಣೆ 50 ಜಿಬಿಯಾದರೆ ಅದು ಒಂದು ಗಂಟೆ ಏಳು ನಿಮಿಷದಲ್ಲಿ ಹೋಗುತ್ತದೆ. ಆದ್ದರಿಂದ ಮೊದಲ ಪೂರ್ಣ ಪ್ರತಿಯನ್ನು ಡಿಸ್ಕಿನಲ್ಲಿ ಕೊಂಡೊಯ್ದು, ಆಮೇಲಿನ ಬದಲಾವಣೆಗಳನ್ನು ಮಾತ್ರ ಲೈನಿನಲ್ಲಿ ಕಳುಹಿಸುವುದು ರೂಢಿ. ಮರಳಿ ತರುವಾಗಲೂ ಅದೇ 111 ಗಂಟೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರು ಕಡಿಮೆ. 2018ರ ಆಗಸ್ಟಿನಲ್ಲಿ ಘಟ್ಟ ಕುಸಿದು ಶಿರಾಡಿ ರಸ್ತೆಯೂ ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗವೂ ವಾರಗಟ್ಟಲೆ ಮುಚ್ಚಿದ್ದವು. ಡಿಸ್ಕನ್ನು ಕಾರಿನಲ್ಲಿ ತರುತ್ತೇವೆ ಎಂಬ ಯೋಜನೆಗೆ ಅಂಥ ದಿನ ಬೇರೆ ದಾರಿ ಇರಬೇಕು. ಅದಕ್ಕಾಗಿಯೇ ಇತ್ತೀಚಿನ ಪ್ರತಿ ಊರಿನಲ್ಲಿ, ಹಳೆಯವು ಘಟ್ಟದ ಮೇಲೆ ಎಂಬ ಏರ್ಪಾಟು.

ದೂರದ ಪ್ರತಿಯ ಬೆಲೆಯನ್ನು ಮಂಗಳೂರಿನ ಇತಿಹಾಸಕಾರರು ಚೆನ್ನಾಗಿ ಬಲ್ಲರು. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಷನ್ನಿನವರು ಸ್ವಿಟ್ಜರ್ಲೆಂಡಿಗೆ ಬರೆದು ಕಳುಹಿಸಿದ ಪತ್ರ, ವರದಿಗಳು ಅಲ್ಲಿನ ದಾಖಲೆ ಸಂಗ್ರಹದಲ್ಲಿ ಉಳಿದಿವೆ. ಹತ್ತೊಂಬತ್ತನೆಯ ಶತಮಾನದ ಮಂಗಳೂರನ್ನು ತಿಳಿಯಬೇಕಾದವರು ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಸಂಗ್ರಹದ ಜೊತೆಗೆ ಬಾಸೆಲ್‌ಗೂ ಹೋಗುತ್ತಾರೆ. ಇಲ್ಲಿನ ಗೆದ್ದಲು, ತೇವಗಳಿಗೆ ಅಲ್ಲಿನ ಪ್ರತಿ ಸಿಕ್ಕಲಿಲ್ಲ.

ಕಳ್ಳರು ಮತ್ತು ಕಾನೂನು

ಇಂದಿನ ದೊಡ್ಡ ಅಪಾಯ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ್‍ಯಾನ್ಸಮ್‌ವೇರ್. ಒಳಹೊಕ್ಕವರು ಮೊದಲು ಹುಡುಕುವುದು ಬ್ಯಾಕಪ್ಪನ್ನು. 2019ರ ಫೆಬ್ರವರಿಯಲ್ಲಿ ಅಮೆರಿಕದ ವಿಎಫ್‌ಇಮೇಲ್ ಎಂಬ ಸೇವೆಯ ಸರ್ವರ್‌ಗಳನ್ನೂ ಬ್ಯಾಕಪ್ ಸರ್ವರ್‌ಗಳನ್ನೂ ದಾಳಿಕೋರರು ಒಟ್ಟಿಗೇ ಅಳಿಸಿಹಾಕಿದರು. ನಮ್ಮಲ್ಲಿ 2022ರ ನವೆಂಬರಿನ ದಿಲ್ಲಿ ಏಮ್ಸ್ ದಾಳಿ, ಆಸ್ಪತ್ರೆಯೊಂದು ದಿನಗಟ್ಟಲೆ ಕೈಬರಹಕ್ಕೆ ಮರಳಬೇಕಾದ ಸ್ಥಿತಿ ತಂದಿತು. ಬ್ಯಾಕಪ್ ಸರ್ವರ್ ಮೇಲ್ ಕ್ಲಸ್ಟರಿನ ಡೊಮೈನಿಗೆ ಸೇರಿರಬಾರದು. ಅದರ ಪಾಸ್‌ವರ್ಡ್ ಬೇರೆಯಾಗಿರಬೇಕು. ಒಂದು ಪ್ರತಿಯಾದರೂ ನಿಗದಿತ ಅವಧಿಯವರೆಗೆ ಯಾರಿಂದಲೂ ಅಳಿಸಲಾಗದಂತೆ ಇಲ್ಲವೇ ಜಾಲದಿಂದ ಕಳಚಿ ಇರಬೇಕು.

ಬ್ಯಾಂಕುಗಳಿಗೆ ಇದು ಇಚ್ಛೆಯ ವಿಷಯವಾಗಿ ಉಳಿದಿಲ್ಲ. 2024ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ಐಟಿ ಆಡಳಿತ ನಿರ್ದೇಶನ, ಬ್ಯಾಕಪ್ ತೆಗೆಯುವುದಷ್ಟೇ ಅಲ್ಲ, ಕಾಲಕಾಲಕ್ಕೆ ಮರಳಿ ಪಡೆದು ಅದು ಬಳಕೆಗೆ ಯೋಗ್ಯವೇ ಎಂದು ನೋಡಬೇಕೆನ್ನುತ್ತದೆ. ಮುಖ್ಯ ವ್ಯವಸ್ಥೆಗಳ ವಿಪತ್ತು ಅಣಕು ಅಭ್ಯಾಸ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ದೇಶದ ಸೈಬರ್ ಭದ್ರತೆ ನೋಡಿಕೊಳ್ಳುವ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಉಳಿಸಬೇಕು, ದಾಳಿಯನ್ನು ಆರು ಗಂಟೆಯೊಳಗೆ ವರದಿ ಮಾಡಬೇಕು. ಇಲ್ಲಿ ಹೇಳುವ ಲಾಗ್ ಡೇಟಾಬೇಸಿನದಲ್ಲ, ಯಾರು ಯಾವಾಗ ಒಳಬಂದರು ಎಂಬ ದಾಖಲೆ. ಬ್ಯಾಕಪ್ ಪಟ್ಟಿಯಲ್ಲಿ ಇವೆರಡನ್ನು ಬೆರೆಸಬಾರದು. ಮರಳಿ ಪಡೆದ ಪತ್ರ ನ್ಯಾಯಾಲಯಕ್ಕೆ ಹೋಗಬೇಕಾದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರ, ಅದರಲ್ಲಿ ಕಡತದ ಹ್ಯಾಶ್ ಮೌಲ್ಯ ಬೇಕು.

ಮೇಲ್ ಸೇವೆಯನ್ನು ಗೂಗಲ್‌ಗೋ ಮೈಕ್ರೋಸಾಫ್ಟ್‌ಗೋ ಒಪ್ಪಿಸಿದ ಸಂಸ್ಥೆಗಳು ಕ್ಲಸ್ಟರಿನ ಚಿಂತೆ ಬಿಡಬಹುದು, ಬ್ಯಾಕಪ್ಪಿನದನ್ನಲ್ಲ. ಗೂಗಲ್‌ನಲ್ಲಿ ಕಸದ ಬುಟ್ಟಿಯಿಂದಲೂ ಹೋದ ಪತ್ರವನ್ನು ಆಡಳಿತಗಾರರು ಮರಳಿಸಲು 25 ದಿನ ಅವಕಾಶ. ಮೈಕ್ರೋಸಾಫ್ಟ್‌ನಲ್ಲಿ ಮೊದಲೇ ಇಟ್ಟಿರುವ ಅವಧಿ 14 ದಿನ, ಗರಿಷ್ಠ 30.

ಮರಳಿ ಪಡೆಯುವುದು

ಸರ್ವರ್ ಮಲಗಿದೊಡನೆ ಹೊರಗಿನ ಪತ್ರಗಳು ಕಳೆದುಹೋಗುವುದಿಲ್ಲ. ಇಂಟರ್‌ನೆಟ್ ಮೇಲ್ ನಿಯಮದಂತೆ ಕಳುಹಿಸುವ ಸರ್ವರ್ ನಾಲ್ಕೈದು ದಿನ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಆದ್ದರಿಂದ ಗಾಬರಿಯಲ್ಲಿ ಅರೆಬರೆ ಸರ್ವರನ್ನು ಎಬ್ಬಿಸಿ ‘ಇಂಥ ವಿಳಾಸವಿಲ್ಲ’ ಎಂದು ಪತ್ರಗಳನ್ನು ಹಿಂದಿರುಗಿಸುವಂತೆ ಮಾಡುವುದಕ್ಕಿಂತ, ಪೂರ್ತಿ ಸರಿಯಾಗುವವರೆಗೆ ಮುಚ್ಚಿಡುವುದು ಲೇಸು. ಡಿಎಜಿಯ ಒಂದು ನೋಡ್ ಸತ್ತರೆ ಬ್ಯಾಕಪ್ಪಿಗೆ ಕೈಹಾಕುವ ಅಗತ್ಯವೇ ಇಲ್ಲ: ಅದನ್ನು ಗುಂಪಿನಿಂದ ತೆಗೆದು, ಅದೇ ಹೆಸರಿನಲ್ಲಿ ಮರಳಿ ಕಟ್ಟಿ, ಗುಂಪಿಗೆ ಸೇರಿಸಿದರೆ ಉಳಿದ ಪ್ರತಿಗಳಿಂದ ತುಂಬಿಕೊಳ್ಳುತ್ತದೆ. ಒಬ್ಬರ ಒಂದು ಪತ್ರ ಬೇಕಾದಾಗ ಡೇಟಾಬೇಸನ್ನು ಬದಿಯಲ್ಲಿ ರಿಕವರಿ ಡೇಟಾಬೇಸಾಗಿ ತೆರೆದು ಆ ಪತ್ರವನ್ನಷ್ಟೇ ಎತ್ತಿಕೊಳ್ಳಬೇಕು; ನಡೆಯುತ್ತಿರುವ ಡೇಟಾಬೇಸಿನ ಮೇಲೆ ಹಳೆಯದನ್ನು ಸುರಿಯಬಾರದು.

ಕನ್ನಡದ ಪತ್ರಗಳಿರುವ ಕಡೆ ಮರಳಿ ಪಡೆದದ್ದರ ಪರೀಕ್ಷೆ ಇನ್ನೂ ಸೂಕ್ಷ್ಮ. ‘ಸಾಲದ ಕಡತ’ ಎಂದು ಬಳಕೆದಾರರು ಇಟ್ಟ ಫೋಲ್ಡರಿನ ಹೆಸರು ಡವ್‌ಕಾಟ್ ಡಿಸ್ಕಿನಲ್ಲಿ ಸಾಮಾನ್ಯವಾಗಿ ಕನ್ನಡದಲ್ಲಿರುವುದಿಲ್ಲ. ಆಂಪರ್‌ಸ್ಯಾಂಡ್ ಚಿಹ್ನೆಯಿಂದ ಶುರುವಾಗುವ, ಓದಿದರೆ ಅರ್ಥವಾಗದ ರೋಮನ್ ಅಕ್ಷರಗಳ ಸಾಲಾಗಿರುತ್ತದೆ. ಇದು ಕೆಟ್ಟ ಕಡತ ಎಂದು ತಿಳಿದು ಅಳಿಸುವವರಿದ್ದಾರೆ. ಯುನಿಕೋಡ್‌ಗೆ ಮುಂಚಿನ ಪತ್ರಗಳಲ್ಲಿ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳ ಬರವಣಿಗೆ ಉಳಿದಿದೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅದು ಅಕ್ಷರಗಳ ಚೆಲ್ಲಾಪಿಲ್ಲಿ. ಹ್ಯಾಶ್ ಮೌಲ್ಯ ಹೊಂದುತ್ತದೆ, ತಂತ್ರಾಂಶ ಯಶಸ್ವಿ ಎನ್ನುತ್ತದೆ, ಪತ್ರ ಬರೆದವರಿಗೇ ಅದನ್ನು ಓದಲಾಗುವುದಿಲ್ಲ. ಆ ಫಾಂಟುಗಳನ್ನೂ ಬ್ಯಾಕಪ್ಪಿನ ಜೊತೆಗೇ ಕಟ್ಟಿಡಬೇಕು, ಅಭ್ಯಾಸದ ದಿನ ಮರಳಿ ತೆಗೆಯುವ ಹತ್ತು ಪತ್ರಗಳಲ್ಲಿ ಎರಡಾದರೂ ಇಂಥ ಹಳೆಯ ಕನ್ನಡ ಪತ್ರಗಳಿರಬೇಕು, ಅವನ್ನು ತೆರೆದು ಓದಿ ನೋಡಲು ಕನ್ನಡ ಬಲ್ಲ ಒಬ್ಬರು ಆ ಕೋಣೆಯಲ್ಲಿರಬೇಕು.